ಅಮೋನಿಯಾ ಮತ್ತು ಅವ್ವನ ಉಪವಾಸ

ನಮ್ಮ ಮನೆಯಲ್ಲಿ ಏನೇ ಕೆಟ್ಟರೂ ಅದು ಒಳ್ಳೆಯ ಉದ್ದೇಶದಿಂದಲೇ ಕೆಡುತ್ತದೆ. ಯಾರಾದರೂ ಬೇಕೆಂದೇ ಕೆಡಿಸಿದ್ದರೆ ಪತ್ತೆ ಹಚ್ಚುವುದು ಎಷ್ಟೋ ಸುಲಭವಾಗುತ್ತಿತ್ತು. ಈ ವರ್ಷ ಮೀನಿನ ತೊಟ್ಟಿಯ ನೀರು ಕೆಟ್ಟದ್ದೂ ಹಾಗೆಯೇ. ನಾಲ್ಕು ಜನ, ನಾಲ್ವರೂ ಒಳ್ಳೆಯವರು.

ಎರಡು ಮೀನು, ಎರಡು ಉಪವಾಸ

ಒಂಬತ್ತನೆಯ ತರಗತಿಯಲ್ಲಿರುವ ಮಗಳು ಹಠ ಹಿಡಿದಳೆಂದು ಮಿರಜದ ನಮ್ಮ ಮನೆಯ ಪಡಸಾಲೆಗೆ ಗಾಜಿನ ತೊಟ್ಟಿಯೂ ಏಳು ಗೋಲ್ಡ್‌ಫಿಶ್‌ಗಳೂ ಬಂದವು. ನಾವು ಜೈನರು. ನಮ್ಮ ಮನೆಯ ಹೊಸ್ತಿಲನ್ನು ಮೀನು ದಾಟಿದ್ದು ಅದೇ ಮೊದಲು, ಯಾವ ರೂಪದಲ್ಲಿಯೂ. ಎಪ್ಪತ್ತೆಂಟು ವರ್ಷದ ಅವ್ವ ಟಿವಿಯ ಮುಂದಿದ್ದ ಕುರ್ಚಿಯನ್ನು ತೊಟ್ಟಿಯ ಮುಂದೆ ಹಾಕಿಸಿಕೊಂಡಳು. ಇಲ್ಲಿ ಜಾಹೀರಾತು ಇಲ್ಲ ಎಂಬುದು ಅವಳಿಗೆ ಹಿಡಿಸಿತು.

ಮೂರನೆಯ ವಾರ ಒಂದು ಮೀನು ಸತ್ತಿತು. ನಮ್ಮ ಮನೆಯಲ್ಲಿ, ನಮ್ಮ ಕೈಯಿಂದ ಒಂದು ಜೀವ ಹೋಯಿತೆಂದು ಅವ್ವ ಆ ದಿನ ಉಪವಾಸ ಮಾಡಿದಳು. ನಾಲ್ಕು ದಿನಕ್ಕೆ ಇನ್ನೊಂದು ಸತ್ತಿತು. ಇನ್ನೊಂದು ಉಪವಾಸ. ಅವ್ವನಿಗೆ ಸಕ್ಕರೆ ಕಾಯಿಲೆ ಇದೆ. ಎರಡನೆಯ ಸಲ ಮಧ್ಯಾಹ್ನವೇ ತಲೆ ತಿರುಗಿ ಕುಸಿದಳು. ದವಾಖಾನೆಗೆ ಒಯ್ದೆವು. ಏನು ಕಾರಣ ಎಂದು ಡಾಕ್ಟರು ಕೇಳಿದರು. ಮೀನು ಸತ್ತಿತು ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಬಿ.ಪಿ.ಯನ್ನೂ ನೋಡಿದರು.

ಪೂರ್ತಿ ಸಂಗತಿ ತಿಳಿದ ಮೇಲೆ ಅವ್ವನಿಗೆ ಖಡಕ್ಕಾಗಿ ಹೇಳಿದರು: ಈ ವಯಸ್ಸಿನಲ್ಲಿ, ಈ ಸಕ್ಕರೆಯಲ್ಲಿ, ಇನ್ನೊಂದು ಉಪವಾಸ ಕೂಡದು.

ಅವ್ವ ಶಾಂತವಾಗಿ ಅಂದಳು, "ಅದನ್ನ ಮೀನಿಗೆ ಹೇಳ್ರಿ."

ತೊಟ್ಟಿಯಲ್ಲಿ ಇನ್ನೂ ಐದು ಇದ್ದವು.

ಬಾಟಲಿ

ಮೀನು ಮಾರಿದವನ ಅಂಗಡಿ ಸಾಂಗ್ಲಿಯಲ್ಲಿದೆ. ಫೋನ್ ಮಾಡಿದರೆ, ತೊಟ್ಟಿಯ ನೀರು ಸ್ವಲ್ಪ ತನ್ನಿ, ನೋಡೋಣ ಎಂದ. ಮುಚ್ಚಳ ಬಿಗಿಯಾಗಿರುವ ಸಣ್ಣ ಪಾರದರ್ಶಕ ಬಾಟಲಿ ಮಿರಜದ ಮನೆಗಳಲ್ಲಿ ಒಂದೇ ಬಗೆಯದು ಸಿಗುತ್ತದೆ: ಲ್ಯಾಬಿನವರು ಕೊಟ್ಟದ್ದು. ಅದರಲ್ಲಿ ತುಂಬಿದೆ. ನೀರು ನಸು ಹಳದಿಗೆ ತಿರುಗಿತ್ತು. ಸೋರದಿರಲೆಂದು ನೆಟ್ಟಗೆ ಕೈಯಲ್ಲಿ ಹಿಡಿದುಕೊಂಡು ಸಾಂಗ್ಲಿಯ ಶೇರ್ ಆಟೊ ಹತ್ತಿದೆ.

ನಮ್ಮ ಊರಿನಲ್ಲಿ ಎರಡು ಮನೆಗೊಂದು ಆಸ್ಪತ್ರೆ, ಒಂದು ಆಸ್ಪತ್ರೆಗೆ ನಾಲ್ಕು ಲ್ಯಾಬು. ಇಂಥ ಬಾಟಲಿ ಹಿಡಿದವನಿಗೆ ಎಲ್ಲರೂ ಜಾಗ ಬಿಡುತ್ತಾರೆ. ಎದುರಿಗಿದ್ದ ಹೆಂಗಸು ಮೆಲ್ಲಗೆ ಕೇಳಿದಳು, "ಮುಂಜಾನೆದ್ದು ಮೊದಲಿಂದೇನ್ರಿ?"

ಇಲ್ಲ, ಹತ್ತು ಗಂಟೆಯದು ಎಂದೆ. ಹಾಗಾದರೆ ನಡೆಯುವುದಿಲ್ಲ, ನಾಳೆ ಖಾಲಿ ಹೊಟ್ಟೆಯಲ್ಲಿ ಮತ್ತೆ ಕರೆಸುತ್ತಾರೆ ಎಂದಳು. ಪಕ್ಕದ ಮುದುಕರು ಬಾಟಲಿಯನ್ನು ಬೆಳಕಿಗೆ ಹಿಡಿಸಿ ನೋಡಿದರು. ತಮ್ಮ ಷಡ್ಡಕನದೂ ಇದೇ ಬಣ್ಣ ಇತ್ತೆಂದರು. ಈಗ ಹೇಗಿದ್ದಾರೆ ಎಂದು ಕೇಳಿದೆ. ಅವರು ಮುಖ ತಿರುಗಿಸಿ ಹೊರಗೆ ನೋಡತೊಡಗಿದರು.

ಅಷ್ಟರಲ್ಲಿ ಆಟೊದವನು ಒಂದು ಲ್ಯಾಬಿನ ಮುಂದೆ ನಿಲ್ಲಿಸಿ, "ಇಳೀರಿ ಕಾಕಾ, ಇಲ್ಲೆ ರಿಪೋರ್ಟ್ ಲಗೂ ಕೊಡ್ತಾರ" ಎಂದ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಇದು ನನ್ನದಲ್ಲ, ಮೀನಿನದು ಎಂದೆ.

ಆಟೊದಲ್ಲಿದ್ದವರೆಲ್ಲ ಬಾಟಲಿಯ ಕಡೆ ಬಗ್ಗಿದರು. ಕೊನೆಗೆ ಎದುರಿನ ಹೆಂಗಸು ಗೌರವದಿಂದ ಕೇಳಿದಳು, "ಹ್ಯಾಂಗ ಹಿಡದ್ರಿ?"

ಹೆಸರುಕಾಳು

ಅಂಗಡಿಯವನು ನೀರಿಗೆ ಔಷಧಿಯ ಹನಿ ಹಾಕಿ ಅಲುಗಾಡಿಸಿದ. ನೀರು ಚೆನ್ನಾಗಿದ್ದರೆ ಹಳದಿ ಬರಬೇಕು, ಅಮೋನಿಯಾ ಹೆಚ್ಚಿದಷ್ಟೂ ಹಸಿರಾಗುತ್ತದೆ ಎಂದ. ನಮ್ಮದು ಕರಿಬೇವಿನ ಎಲೆಯ ಬಣ್ಣಕ್ಕೆ ಬಂತು. ಮೀನಿನ ಹೊಲಸು ಮತ್ತು ಉಳಿದ ಆಹಾರ ಕೊಳೆತರೆ ಹೀಗಾಗುತ್ತದೆ, ದಿನಕ್ಕೆ ಎಷ್ಟು ಸಲ ಹಾಕುತ್ತೀರಿ ಎಂದು ಕೇಳಿದ. ಒಂದೇ ಸಲ ಎಂದೆ.

"ನೀವು ಒಂದ ಸಲ, ಕಾಕಾ. ಮನ್ಯಾಗ ಕೇಳ್ರಿ."

ಕೇಳಿದೆ. ಮಗಳು ಶಾಲೆಗೆ ಹೋಗುವಾಗ ಒಂದು ಸಲ. ಹೆಂಡತಿ ಅಡುಗೆ ಮುಗಿಸಿ ಒಂದು ಸಲ. ನಾನು ಕಚೇರಿಯಿಂದ ಬಂದು ಒಂದು ಸಲ. ಅವ್ವ ಮಾತ್ರ ಸಂಜೆ ಹೊತ್ತು ಮುಳುಗುವ ಮೊದಲು, ಹೊಟ್ಟೆ ತುಂಬ. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಮೀನು ಬೆಳಗಿನವರೆಗೆ ಹಸಿದಿರಬಾರದಲ್ಲ.

ಆದರೆ ಅಂಗಡಿಯಿಂದ ತಂದ ಆಹಾರದ ಡಬ್ಬಿ ತುಂಬಿದ್ದು ತುಂಬಿದಂತೆಯೇ ಇತ್ತು. ವಿಚಾರಿಸಿದಾಗ ತಿಳಿಯಿತು: ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಅವ್ವ ಒಮ್ಮೆ ಮೊಮ್ಮಗಳಿಂದ ಓದಿಸಿದ್ದಳು. ಕನ್ನಡ ತಿಳಿಯುವ, ಮರಾಠಿಯಲ್ಲೇ ಮಾತಾಡುವ ಮಗಳು ಪ್ರಾಮಾಣಿಕವಾಗಿ ಓದಿದ್ದಳು. ಮೊದಲ ಪದಾರ್ಥ ಮೀನಿನ ಪುಡಿ, ಎರಡನೆಯದು ಸಿಗಡಿ. ಅಂದೇ ಡಬ್ಬಿಯೊಳಗಿನದು ಪೊಟ್ಟಣವಾಗಿ ಅಟ್ಟ ಸೇರಿತ್ತು. ಮನೆಯವರೆಲ್ಲ ಅವ್ವನ ಮಾತಿನಂತೆ ನೆನೆಸಿದ ಹೆಸರುಕಾಳು ಹಾಕುತ್ತಿದ್ದರು. ನನಗೆ ಹೇಳದೆ, ನಾನು ಹಾಕುವ ಆ ಡಬ್ಬಿಗೂ ಅದನ್ನೇ ಪುಡಿ ಮಾಡಿ ತುಂಬುತ್ತಿದ್ದರು.

"ಮೀನಿಗೆ ಮೀನು ತಿನ್ನಿಸಿ ನಾ ಯಾವ ನರಕಕ್ಕ ಹೋಗ್ಲೋ ಬಾಬಾ?" ಎಂದಳು ಅವ್ವ.

ತೊಟ್ಟಿಯ ತಳದ ಹರಳು ಸರಿಸಿದೆ. ಅರ್ಧ ಕಾಳು ಕೊಳೆತಿದ್ದವು, ಅರ್ಧ ಮೊಳಕೆ ಬಂದಿದ್ದವು. ಒಂದು ಮುಷ್ಟಿ ತೆಗೆದು ಅವ್ವನ ಮುಂದೆ ಹಿಡಿದೆ. ಅವಳು ಬಗ್ಗಿ ಪರೀಕ್ಷಿಸಿ, ಸೊಸೆಯ ಕಡೆ ನೋಡಿ ಅಂದಳು, "ನಾ ಹೇಳಿದ್ನಲ್ಲಾ, ಉಪ್ಪಿಲ್ಲದ ಯಾರು ತಿಂತಾರ?"

ಕಡೆಗೆ ಅಂಗಡಿಯವನೇ ರಾಜಿ ಮಾಡಿಸಿದ. ಬೇಯಿಸಿ ಸಿಪ್ಪೆ ತೆಗೆದ ಬಟಾಣಿ, ದಿನಕ್ಕೆ ಒಂದೇ ಸಲ, ಹಾಕುವವರು ಒಬ್ಬರೇ. ಆ ಒಬ್ಬರು ಯಾರು ಎಂದು ಮನೆಯಲ್ಲಿ ಚರ್ಚೆ ನಡೆಯಲಿಲ್ಲ.

ಸ್ಪಂಜು

ಕಾಳು ಹೋಯಿತು. ನಲ್ಲಿಯ ನೀರನ್ನು ಬ್ಲೀಚಿಂಗ್ ಪುಡಿಯ ವಾಸನೆ ಹೋಗುವವರೆಗೆ ಒಂದು ದಿನ ಬಕೆಟ್ಟಿನಲ್ಲಿಟ್ಟು, ತೊಟ್ಟಿಯ ಕಾಲುಭಾಗ ನೀರನ್ನು ಬದಲಿಸುತ್ತ ಬಂದೆವು. ಅಂಗಡಿಯಿಂದ ತಂದ ಪರೀಕ್ಷೆಯ ಹನಿ ಹಾಕಿ ನೋಡಿದರೆ ಹಸಿರು ತಿಳಿಯಾಗಿತ್ತು, ಹಳದಿಯಾಗಿರಲಿಲ್ಲ. ಒಂದು ಮೀನು ತಳ ಹಿಡಿದು ಕುಳಿತಿತು. ಅವ್ವ ಅದನ್ನು ನೋಡುತ್ತ ಊಟದ ತಾಟಿನಿಂದ ಒಂದು ರೊಟ್ಟಿ ಎತ್ತಿ ಹಿಂದಕ್ಕೆ ಕೊಟ್ಟಳು. ಉಪವಾಸದ ತಯಾರಿ ಶುರುವಾಗಿದೆ ಎಂದು ನನಗೆ ತಿಳಿಯಿತು.

ಭಾನುವಾರ ಅಂಗಡಿಯವನನ್ನು ಮನೆಗೇ ಕರೆತಂದೆ. ಅವನು ಒಳಗೆ ಬಂದಾಗ ನನ್ನ ಹೆಂಡತಿ ಫಿಲ್ಟರಿನ ಸ್ಪಂಜನ್ನು ಬಿಸಿನೀರಿನಲ್ಲಿ ತಿಕ್ಕುತ್ತಿದ್ದಳು. ಪ್ರತಿ ಭಾನುವಾರ ತಿಕ್ಕುತ್ತಾಳೆ. ಅವಳ ಸ್ವಚ್ಛತೆಗೆ ಹೆದರಿ ನಮ್ಮ ಗಲ್ಲಿಯ ಜನ ತಮ್ಮ ಮನೆಯ ಮುಂದೆಯೂ ಚಪ್ಪಲಿ ಸಾಲಾಗಿ ಬಿಡುತ್ತಾರೆ.

ಅವನು ಕುಳಿತು ಸಮಾಧಾನದಿಂದ ವಿವರಿಸಿದ. ಆ ಸ್ಪಂಜಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ಅಮೋನಿಯಾ ತಿಂದು ನೀರು ಶುದ್ಧ ಮಾಡುವವು ಅವೇ. ಬಿಸಿನೀರು ಹಾಕಿದರೆ ಎಲ್ಲವೂ ಸಾಯುತ್ತವೆ. ಪಾಪ, ಅವನು ತಾಂತ್ರಿಕ ಮಾಹಿತಿ ಕೊಡುತ್ತಿದ್ದ. ಯಾವ ಮನೆಯಲ್ಲಿ ಕೊಡುತ್ತಿದ್ದೇನೆ ಎಂಬ ಅರಿವು ಅವನಿಗಿರಲಿಲ್ಲ.

ಹೆಂಡತಿಯ ಕೈಯಿಂದ ಸ್ಪಂಜು ಜಾರಿತು.

"ಎಷ್ಟು ಇರ್ತಾವಪಾ ಅವು?" ಅವ್ವ ಕೇಳಿದಳು.

"ಕೋಟಿಗಟ್ಟಲೆ, ಆಜಿ."

ನಾನು ಕಣ್ಣು ಮುಚ್ಚಿ ಡಾಕ್ಟರನ್ನು ನೆನೆದೆ. "ನನಗ ಗೊತ್ತಿದ್ದಿಲ್ಲರಿ ಅತ್ತಿ," ಎಂದು ಹೆಂಡತಿ ಅಳುವಂತಾದಳು. ಗೊತ್ತಿಲ್ಲದೆ ಆದದ್ದು ಆಯಿತು, ಇನ್ನು ಮುಂದಿನದನ್ನು ನೋಡಬೇಕು ಎಂದಳು ಅವ್ವ. ನಾನು ಕಣ್ಣು ತೆರೆದೆ.

"ಬಾವಿ ನೀರು ಸೋಸಿದ ಅರಿವಿ ಏನ್ ಮಾಡತಿದ್ವಿ? ಅದ ನೀರಾಗ ಜಾಲಿಸಿ, ತಿರುಗಿ ಅದ ಬಾವಿಗೆ ಬಿಡತಿದ್ವಿ. ಅರಿವ್ಯಾಗ ಸಿಕ್ಕ ಜೀವ ತಮ್ಮ ಮನಿಗೆ ಹೋಗ್ಲಿ ಅಂತ. ಇದೂ ನೀರು ಸೋಸೋ ಅರಿವಿನ ಅಲ್ಲೇನು? ತೊಟ್ಟಿ ನೀರಾಗ ಜಾಲಿಸು, ತೊಟ್ಟ್ಯಾಗ ಇಡು."

ಅಂಗಡಿಯವನು ಎದ್ದು ನಿಂತ. ಇದನ್ನೇ ಎಷ್ಟೋ ವರ್ಷದಿಂದ ಗಿರಾಕಿಗಳಿಗೆ ಹೇಳುತ್ತಿದ್ದೇನೆ, ಒಬ್ಬರೂ ಕೇಳಿಲ್ಲ ಎಂದ. ಆಮೇಲೆ, ವಾರಕ್ಕೊಮ್ಮೆ ಆಜಿಯನ್ನು ಅಂಗಡಿಗೆ ಕಳಿಸಲಾದೀತೇ ಎಂದು ಕೇಳಿದ.

ಹಳದಿ

ಸ್ಪಂಜಿಗೆ ಈಗ ಅವ್ವನ ಕಾವಲು. ತೊಟ್ಟಿಯಿಂದ ತೆಗೆದ ನೀರಿನಲ್ಲಿ, ಹದಿನೈದು ದಿನಕ್ಕೊಮ್ಮೆ, ಅವಳ ಎದುರಿಗೇ ಜಾಲಿಸಬೇಕು. ಹಿಂಡುವಂತಿಲ್ಲ. ತಳ ಹಿಡಿದಿದ್ದ ಮೀನು ಎಂಟು ದಿನಕ್ಕೆ ಮೇಲೆದ್ದು ಬಟಾಣಿಗೆ ಬಾಯಿ ಹಾಕಿತು. ಅವ್ವ ಬಿಟ್ಟಿದ್ದ ರೊಟ್ಟಿಯನ್ನು ಮರಳಿ ಕೇಳಿದಳು.

ಅವ್ವನ ಕಾವಲು ಶುರುವಾದ ಐದನೆಯ ವಾರ ಪರೀಕ್ಷೆ ಮಾಡಿದೆ. ನಳಿಕೆಯಲ್ಲಿ ಅಪ್ಪಟ ಹಳದಿ. ಮಗಳು ಫೋಟೊ ತೆಗೆದಳು. ಹೆಂಡತಿ ಒಮ್ಮೆ ಮುಟ್ಟಿ ನೋಡಿದಳು. ನಾನು ನಳಿಕೆಯನ್ನು ಅವ್ವನ ಮುಂದೆ ಹಿಡಿದು, ಅಮೋನಿಯಾ ಮುಗಿಯಿತು, ಸ್ಪಂಜಿನ ಜೀವಿಗಳು ಎಲ್ಲವನ್ನೂ ತಿಂದುಹಾಕಿವೆ ಎಂದು ವರದಿ ಒಪ್ಪಿಸಿದೆ.

ಅವ್ವ ನಗಲಿಲ್ಲ. ಸ್ಪಂಜನ್ನೇ ನೋಡುತ್ತ ಕುಳಿತಳು.

"ಎಲ್ಲಾ ತಿಂದ್ವೇನು?"

"ಎಲ್ಲಾ, ಅವ್ವಾ. ಒಂದು ಚೂರೂ ಉಳಿದಿಲ್ಲ."

"ಹಂಗಾರ ಪಾಪ, ನಾಳೆ ಅವು ಏನು ತಿನ್ನಬೇಕೋ?"