ಅತ್ತೆಯ ಸಾರಿಗೆ ಹೋಗುವ ನೀಲಿ ಗೆರೆ

ಶಿವಶರಣನಿಗೆ ಯಾವ ಸಾಮಾನನ್ನೂ ಇಟ್ಟಲ್ಲಿ ಇರಗೊಡದ ರೋಗವಿದೆ ಎಂಬುದು ಅವನ ಹೆಂಡತಿ ಸುಮಲತಾ ಮದುವೆಯಾದ ವಾರದಲ್ಲೇ ಕಂಡುಹಿಡಿದ ಸತ್ಯ. ಸ್ಕೂಟರಿನ ಕೀಲಿ ಅಕ್ಕಿ ಡಬ್ಬಿಯಲ್ಲಿ ಸಿಗುತ್ತಿತ್ತು, ಬಾಚಣಿಕೆ ದೇವರ ಗೂಡಿನಲ್ಲಿ. ಕೂಸಿನ ಜ್ವರದ ಔಷಧಿ ಅವನ ಗೊಬ್ಬರದ ಅಂಗಡಿಯ ಗಲ್ಲಾದೊಳಗೆ ಸಿಕ್ಕಂದಿನಿಂದ ಅವನ ಕೈಗೆ ಒಂದು ಚಮಚೆ ಕೊಡುವಾಗಲೂ ಆಕೆಗೆ ಎದೆ ಡವಡವ. ಆದರೆ ಅವೆಲ್ಲ ಹೇಗೋ ಸಿಕ್ಕಿದ್ದವು. ಇವತ್ತು ಸಿಗದೆ ಹೋದದ್ದು ಅತ್ತೆಯ ಮೀನಿನ ಸಾರು.

ಅತ್ತೆ ಹಣಮಂತಮ್ಮ ತೀರಿಕೊಂಡು ಇವತ್ತಿಗೆ ವರ್ಷ. ಮಧ್ಯಾಹ್ನದೊಳಗೆ ಫೋಟೋದ ಮುಂದೆ ಎಡೆ ಇಡಬೇಕು. ಎಡೆಗೆ ಅತ್ತೆಯ ಕೈಯ ಮೀನಿನ ಸಾರೇ ಆಗಬೇಕೆಂದು ಸುಮಲತಾ ಯಾವಾಗಲೋ ಠರಾಯಿಸಿದ್ದಳು. ಸತ್ತವರಿಗಾಗಿ ಅನ್ನುವುದು ಬಾಯಿಮಾತು. ಒಳಗಿನ ಮಾತು ಬೇರೆ ಇತ್ತು: ಬದುಕಿರುವ ಮಾವ ಉಣ್ಣಲಿ ಎಂದು.

ಮಾವ ಭಾಗಣ್ಣ ಕೃಷ್ಣಾ ಹೊಳೆಯಲ್ಲಿ ಬಲೆ ಬೀಸಿ ಬದುಕಿದ ಮನುಷ್ಯ. ಅತ್ತೆ ಇದ್ದಾಗ ಊಟಕ್ಕೆ ಕೂತರೆಂದರೆ ಅದೊಂದು ಮಹಾಯುದ್ಧ. ಸಾರಿನಲ್ಲಿ ಅದು ಹೆಚ್ಚು, ಇದು ಕಮ್ಮಿ ಎಂದು ಅವರು ಒದರುವುದು, ಒಲೆಯ ಮುಂದಿನಿಂದ ಅತ್ತೆ ಅದಕ್ಕೆ ತಕ್ಕ ಉತ್ತರ ಕೊಡುವುದು, ಆ ಗದ್ದಲದಲ್ಲಿ ಮೂರು ರೊಟ್ಟಿ ಹೊಟ್ಟೆಗೆ ಇಳಿದದ್ದು ಅವರಿಗೇ ತಿಳಿಯುತ್ತಿರಲಿಲ್ಲ. ಈಗ ಅರ್ಧ ರೊಟ್ಟಿ ಮುರಿಯುತ್ತಾರೆ, "ಛಲೋ ಆಗ್ಯಾದವ್ವ" ಎನ್ನುತ್ತಾರೆ, ಕೈ ತೊಳೆದು ಹೊರಗಿನ ಕಟ್ಟೆಗೆ ಹೋಗಿ ಕೂಡುತ್ತಾರೆ. ಒಂದು ವರ್ಷದಿಂದ ಸುಮಲತಾಳ ಒಂದೇ ಒಂದು ಅಡುಗೆಯನ್ನೂ ಅವರು ಬೈದಿಲ್ಲ. ಬೇರೆ ಸೊಸೆಯಾಗಿದ್ದರೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಸುಮಲತಾಗೆ ಮಾತ್ರ ಆ "ಛಲೋ ಆಗ್ಯಾದ" ಕೇಳಿದಾಗಲೆಲ್ಲ ಅಂಜಿಕೆಯಾಗುತ್ತಿತ್ತು. ಮಾವನ ಕೊರಳೆಲುಬು ಎದ್ದು ಕಾಣುತ್ತಿತ್ತು. ಅಂಗಿ ಯಾರದೋ ತೊಟ್ಟಂತಿತ್ತು.

ಆ ಸಾರು ಮಾಡುವುದು ಯಾರಿಗೂ ಗೊತ್ತಿಲ್ಲ. ಅದು ಅತ್ತೆ ತವರಿನಿಂದ ತಂದ ವಿದ್ಯೆ. ಗೊತ್ತಿದ್ದದ್ದು ಸುಮಲತಾಳ ಲ್ಯಾಪ್‌ಟಾಪಿಗೆ ಮಾತ್ರ.

ಆಕೆ ಕಲಬುರಗಿಯಲ್ಲಿ ಕಲಿತವಳು, ಮೇಲೆ ಕಂಪ್ಯೂಟರ್ ಕೋರ್ಸು ಬೇರೆ. ಸುರಪುರದ ಈ ಗುಡ್ಡದ ಓಣಿಗೆ ಸೊಸೆಯಾಗಿ ಬಂದು ಮಗಳು ಕೃಷ್ಣವೇಣಿ ಹುಟ್ಟಿದ ಮೇಲಂತೂ ಆಕೆಯ ಅಂಜಿಕೆಗೆ ಮಿತಿ ಉಳಿಯಲಿಲ್ಲ. ಏನನ್ನಾದರೂ ಮರೆತುಬಿಟ್ಟರೆ? ಮರೆತದ್ದರಿಂದ ಕೂಸಿಗೆ ಏನಾದರೂ ಆದರೆ? ಅದಕ್ಕೇ ವರ್ಡ್‌ನಲ್ಲಿ ಒಂದು ಸಂಸ್ಥಾನವನ್ನೇ ಕಟ್ಟಿದಳು. 'ಮನಿ ಮಂದಿ' ಎಂಬ ಫೋಲ್ಡರು, ಅದರೊಳಗೆ 'ಕೂಸು', 'ಇವರು', 'ಮಾವಾರು', 'ಅತ್ತಿ' ಎಂದು ಒಬ್ಬೊಬ್ಬರಿಗೂ ಒಂದೊಂದು ಫೋಲ್ಡರು. ಎಲ್ಲಕ್ಕೂ ಮೇಲೆ, ಚಕ್ರವರ್ತಿಯಂತೆ, ಒಂದು ಮುಖ್ಯ ಕಡತ. ಅದರಲ್ಲಿ ಸಾಲುಸಾಲು ನೀಲಿ ಗೆರೆ, ಅಂದರೆ ಲಿಂಕು. ಕೂಸಿನ ಚುಚ್ಚುಮದ್ದು ಎಂಬ ಗೆರೆ ಒತ್ತಿದರೆ ಆ ಕಡತ ತೆರೆಯುತ್ತದೆ, ಇವರ ಬಿಪಿ ಗುಳಿಗೆ ಎಂಬುದನ್ನು ಒತ್ತಿದರೆ ಅದು. (ಇವರಿಗೆ ಬಿಪಿ ಇಲ್ಲ. ಬಂದರೆ ಇರಲಿ ಎಂದು ಮಾಡಿಟ್ಟದ್ದು.)

ಅತ್ತೆಯ ಫೋಲ್ಡರಿನಲ್ಲಿದ್ದದ್ದು ಅಡುಗೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅತ್ತೆ ಹೇಳುತ್ತಿದ್ದರು, ಸುಮಲತಾ ಟೈಪು ಮಾಡುತ್ತಿದ್ದಳು. ಅತ್ತೆಯ ಮಾತಿನ ಓಟ ಆಗಿನ್ನೂ ಪೂರ್ತಿ ಹಿಡಿತಕ್ಕೆ ಸಿಗದಿದ್ದ ಕಾರಣ ಯಾವುದು ಅಡುಗೆ, ಯಾವುದು ಬೈಗುಳ ಎಂದು ಆರಿಸಲು ಹೋಗದೆ ಬಾಯಿಂದ ಬಂದದ್ದನ್ನೆಲ್ಲ ಬಡಿದಿದ್ದಳು. ಅತ್ತೆ ಹೋದ ಮೇಲೆ ಅದನ್ನು ತೆರೆಯುವ ಧೈರ್ಯವೇ ಆಗಿರಲಿಲ್ಲ.

ಬೆಳಿಗ್ಗೆ ತೆರೆದಳು. ಬೋಗುಣಿಯಲ್ಲಿ ತೊಳೆದ ಹೊಳೆಮೀನು, ಲ್ಯಾಪ್‌ಟಾಪಿನಲ್ಲಿ ನೀಲಿ ಗೆರೆ. ಒತ್ತಿದಳು. ಕಡತ ಸಿಗುತ್ತಿಲ್ಲ ಎಂದು ಒಂದು ಚೌಕಟ್ಟು ಎದ್ದಿತು. ಮತ್ತೆ ಒತ್ತಿದಳು, ಜೋರಾಗಿ ಒತ್ತಿದಳು, ಕೈ ಒರೆಸಿಕೊಂಡು ಒತ್ತಿದಳು. ಅದೇ ಚೌಕಟ್ಟು. ಪುಂಡಿ ಪಲ್ಯ ಒತ್ತಿದರೂ ಅದೇ, ಶೇಂಗಾ ಹಿಂಡಿ ಒತ್ತಿದರೂ ಅದೇ. ಕೂಸಿನ ಚುಚ್ಚುಮದ್ದು ಮಾತ್ರ ಥಟ್ಟನೆ ತೆರೆಯಿತು. 'ಮನಿ ಮಂದಿ'ಯೊಳಗೆ ಹೋಗಿ ನೋಡಿದರೆ ಕೂಸು ಇತ್ತು, ಇವರು ಇದ್ದರು, ಮಾವ ಇದ್ದರು. ಅತ್ತೆ ಇರಲಿಲ್ಲ.

ಸುಮಲತಾ ಅಲ್ಲೇ ನೆಲಕ್ಕೆ ಕೂತಳು. ಒಮ್ಮೆ ಹೋದದ್ದೇ ಸಾಲದೇ?

ಆರೋಪಿ ಯಾರೆಂಬುದರಲ್ಲಿ ಅನುಮಾನವೇ ಇರಲಿಲ್ಲ. ಹೋದ ತಿಂಗಳು ಶಿವಶರಣ ಅಂಗಡಿಯ ಬಿಲ್ಲು ಮಾಡಲು ಲ್ಯಾಪ್‌ಟಾಪು ಒಯ್ದಿದ್ದ, ಭಾಳ ನಿಧಾನ ಆಗ್ಯಾದ ಅಂತ ಸ್ವಚ್ಛ ಮಾಡೀನಿ ಎಂದು ಹೆಮ್ಮೆಯಿಂದ ಬೇರೆ ಹೇಳಿದ್ದ. ಬಾಳೆ ಎಲೆ ಕೊಯ್ದುಕೊಂಡು ಒಳಗೆ ಬಂದವನನ್ನು ಬಾಗಿಲಲ್ಲೇ ತಡೆದಳು.

"ನಿಮ್ಮ ಅವ್ವನ್ನ ಎಲ್ಲಿ ಹಾಕೀರಿ?"

ಎಲೆ ಹಿಡಿದುಕೊಂಡೇ ಶಿವಶರಣ ಫೋಟೋದ ಕಡೆ ನೋಡಿದ. ಹಾರ ನೆಟ್ಟಗಿತ್ತು.

ವಿಷಯ ತಿಳಿದ ಮೇಲೆ ತಾನು ಅಳಿಸಿದ್ದು ಹಳೆಯ ಬಿಲ್ಲು, ಎರಡು ಸಿನಿಮಾ ಅಷ್ಟೇ ಎಂದು ಪ್ರಮಾಣ ಮಾಡಿದ. ಔಷಧಿ ಗಲ್ಲಾಕ್ಕೆ ಹೋಗಿದ್ದು ಹೇಗೆ ಎಂದು ಸುಮಲತಾ ಕೇಳಿದಳು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಅವನು. ಎರಡೂ ಇಟ್ಟ ಸಾಮಾನು ಇಟ್ಟಲ್ಲಿ ಇರಗೊಡದ ಒಂದೇ ಕೈಯ ಕೆಲಸ ಎಂದು ಇವಳು. ಅವನಿಗೆ ಚಹಾ ಬಂದ್ ಆಯಿತು. ಕೊನೆಗೆ ಪಾಪ, ಅವನು ಮಾಡಿದನೋ ಇಲ್ಲವೋ ಅವನಿಗೇ ಅನುಮಾನ ಹುಟ್ಟಿ, "ನನ್ನ ಕೈಯಿಂದನ ಆಗಿರಬೇಕು ಬಿಡು" ಎಂದು ಒಪ್ಪಿಕೊಂಡು, ಝೆರಾಕ್ಸ್ ಅಂಗಡಿಯ ಯೂನುಸನನ್ನು ಕರೆತಂದ.

ಯೂನುಸ ಲ್ಯಾಪ್‌ಟಾಪನ್ನು ತಿರುವಿ ನೋಡಿದ, ಹಿಂಭಾಗಕ್ಕೆ ಎರಡು ಬಾರಿ ತಟ್ಟಿದ. ಅವನ ಔಷಧಾಲಯದಲ್ಲಿ ಇರುವುದು ಒಂದೇ ಔಷಧ. "ಭಾಬಿ, ಫಾರ್ಮ್ಯಾಟ್ ಹೊಡೆದ್ರ ಹೊಸಾದು ಆಗಿಬಿಡ್ತದ," ಎಂದ. ಎಲ್ಲ ಅಳಿಸಿಬಿಡುವುದಕ್ಕೆ ಹಾಗೆನ್ನುತ್ತಾರೆಂದು ಗೊತ್ತಿದ್ದ ಸುಮಲತಾ ಲ್ಯಾಪ್‌ಟಾಪನ್ನು ಕೂಸನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಅಡುಗೆಮನೆಗೆ ಓಡಿದಳು. ಆ ಭರಾಟೆಗೆ ನಿಜವಾದ ಕೂಸು ಎದ್ದು ಅಳತೊಡಗಿತು.

ಅಡುಗೆಮನೆಯಲ್ಲಿ ಹುಣಸಗಿಯಿಂದ ಬಂದಿದ್ದ ಮಲ್ಲಿಕಮ್ಮ ಕೂತಿದ್ದರು. ಭಾಗಣ್ಣನ ಅಕ್ಕ. ಈ ಮನೆಯಲ್ಲಿ ಯಾರೇ ಹುಟ್ಟಲಿ, ಹೋಗಲಿ, ಏನು ಮಾಡಬೇಕೆಂದು ಹೇಳುವವರು ಅವರೇ. ಹೊತ್ತು ಏರುತ್ತಿದೆ, ತಾನೇ ತನಗೆ ಬಂದ ಹಾಗೆ ಸಾರು ಮಾಡಿಬಿಡುತ್ತೇನೆ ಎಂದು ಸೆರಗು ಸಿಕ್ಕಿಸಿಕೊಳ್ಳುತ್ತಿದ್ದರು. ಇನ್ನು ಸ್ವಲ್ಪ ತಡೆಯಿರಿ ಎಂದು ಸುಮಲತಾ ಬೇಡಿಕೊಂಡಳು.

ಆಗ ಕೋರ್ಸಿನಲ್ಲಿ ಕಲಿತದ್ದು ನೆನಪಾಯಿತು. ಒತ್ತುವುದನ್ನು ಬಿಟ್ಟು, ನೀಲಿ ಗೆರೆಯ ಮೇಲೆ ಬಾಣವನ್ನು ಸುಮ್ಮನೆ ನಿಲ್ಲಿಸಿದಳು. ಪುಟ್ಟ ಹಳದಿ ಚೀಟಿಯಲ್ಲಿ ವಿಳಾಸ ಮೂಡಿತು: ಮನಿ ಮಂದಿ, ಅದರೊಳಗೆ ಅತ್ತಿ, ಅದರೊಳಗೆ ಮೀನಿನ ಸಾರು. ಆ ಗೆರೆಗೆ ಗೊತ್ತಿರುವುದು ಅಷ್ಟೇ. ಯಾರು ಎಲ್ಲಿಗೆ ಹೋದರು, ಏನಾಯಿತು, ಒಂದೂ ಗೊತ್ತಿಲ್ಲ. ಒತ್ತಿದಾಗಲೆಲ್ಲ ಅದು ಮನೆಯ ಮಂದಿಯೊಳಗೆ ಹೋಗಿ ಅತ್ತೆಯನ್ನು ಹುಡುಕಿ, ಕಾಣದೆ, ಬರಿಗೈಯಲ್ಲಿ ಬರುತ್ತಿತ್ತು. ಕಟ್ಟೆಯ ಮೇಲೆ ಕೂತ ಮಾವ ಊಟದ ಹೊತ್ತಿಗೆ ಅಡುಗೆಮನೆಯ ಬಾಗಿಲಿನ ಕಡೆ ತಿರುಗಿ, ತಕ್ಷಣ ಮುಖ ತಿರುಗಿಸಿಕೊಳ್ಳುವುದನ್ನು ಸುಮಲತಾ ವರ್ಷದಿಂದ ನೋಡುತ್ತಿದ್ದಳು.

"ಫೋಟೋದ ಮುಂದ ಆಕಿದು ಒಂದು ಸೀರಿ ಇಡಬೇಕು. ಎಲ್ಲಿ ಇಟ್ಟೀರಿ?" ಎಂದರು ಮಲ್ಲಿಕಮ್ಮ.

"ಟ್ರಂಕಿನಾಗ ಅವ್ರಿ, ದೊಡ್ಡತ್ತಿ."

"ಹೌದಲಾ, ನಾನೇ ಹೇಳಿದ್ದೆ. ಆಕಿವು ಒಂದೂ ಮನಿ ಮಂದಿ ಸಾಮಾನಿನಾಗ ಕೂಡಿಸಬ್ಯಾಡ್ರಿ, ಎಲ್ಲಾ ಒಂದ್ಕಡಿ ಹಾಕಿ ಮುಚ್ರಿ ಅಂತ."

ಸುಮಲತಾಳ ಕೈ ಲ್ಯಾಪ್‌ಟಾಪಿನ ಮೇಲೆಯೇ ನಿಂತಿತು.

ಹೋದ ವರ್ಷ, ಹನ್ನೊಂದನೆಯ ದಿನದ ಮರುದಿನ. ಅತ್ತೆಯ ಸೀರೆ, ಹಾಸಿಗೆ, ಚಹಾದ ಲೋಟ ಎಲ್ಲ ಟ್ರಂಕಿಗೆ ಹೋಗಿತ್ತು. ಅವತ್ತು ಮಧ್ಯಾಹ್ನ ಮರಣ ಪ್ರಮಾಣಪತ್ರವನ್ನು ಕಂಪ್ಯೂಟರಿಗೆ ಹಾಕುತ್ತ ಕೂತವಳಿಗೆ 'ಮನಿ ಮಂದಿ'ಯೊಳಗೆ ಕೂಸಿನ ಪಕ್ಕದಲ್ಲೇ 'ಅತ್ತಿ' ಕಂಡಿತ್ತು. ಹೀಗೆ ಇರಬಾರದೇನೋ, ಕೂಸಿಗೆ ಏನಾದರೂ ಆದರೆ? ಕಾನ್ವೆಂಟು, ಕಾಲೇಜು ಎಲ್ಲ ಒಂದು ಕ್ಷಣ ಪಕ್ಕಕ್ಕೆ ಸರಿದು ನಿಂತಿದ್ದವು. ಆ ಫೋಲ್ಡರನ್ನು ಎಳೆದು 'ಮರಣದ ಕಾಗದ' ಎಂಬ ಬೇರೆ ಫೋಲ್ಡರಿನೊಳಗೆ ಹಾಕಿ, ಅತ್ತು, ಮುಚ್ಚಿಬಿಟ್ಟಿದ್ದಳು. ಆಮೇಲೆ ಆ ಹೆಸರು ಕಂಡರೆ ಕಣ್ಣು ತಾನಾಗಿ ಜಾರುತ್ತಿತ್ತು. ಬೆಳಿಗ್ಗೆಯಿಂದ ಲ್ಯಾಪ್‌ಟಾಪಿನ ಮೂಲೆಮೂಲೆ ಹುಡುಕಿದವಳು ಅದೊಂದನ್ನು ಮಾತ್ರ ತೆರೆದಿರಲಿಲ್ಲ.

ತೆರೆದಳು. ಪ್ರಮಾಣಪತ್ರಕ್ಕೂ ಗ್ಯಾಸಿನ ಹೆಸರು ಬದಲಿಸುವ ಅರ್ಜಿಗೂ ನಡುವೆ ಅತ್ತೆ ಇದ್ದರು.

ಅಷ್ಟರಲ್ಲಿ ಅಪರಾಧಿ ಶಿವಶರಣ ತಾನೇ ಚಹಾ ಮಾಡಿಕೊಂಡು, ಆಕೆಗೂ ಒಂದು ಲೋಟ ಹಿಡಿದು, ತಗ್ಗಿದ ತಲೆಯಲ್ಲಿ ಬಂದು ಹಿಂದೆ ನಿಂತ. ಪರದೆಯನ್ನು ನೋಡಿದ, ಹೆಂಡತಿಯನ್ನು ನೋಡಿದ. ತಲೆ ನಿಧಾನವಾಗಿ ಮೇಲೆ ಬಂತು.

"ಅಂದ್ರ ನಮ್ಮವ್ವನ್ನ ಟ್ರಂಕಿನಾಗ ಹಾಕಿ ಕೀಲಿ ಜಡಿದಾಕಿ ನೀನು. ಬೈಸಿಕೊಂಡಾಂವ ನಾನು."

ಸುಮಲತಾಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವನು ಗೆದ್ದದ್ದನ್ನು ಅಲ್ಲೇ ಬಿಟ್ಟು ಮೆಲ್ಲಗೆ ಪಕ್ಕದಲ್ಲಿ ಕೂತ. ಅಳಬೇಡ, ಆ ಗೆರೆಗೆ ಈ ಹೊಸ ವಿಳಾಸ ಬರೆದುಬಿಡು, ಸರಿಹೋಗುತ್ತದೆ ಎಂದ. ಅದೂ ಆಗುತ್ತಿತ್ತು. ಆದರೆ ಇನ್ನು ಮುಂದೆ ಆ ಗೆರೆ ದಿನಾ ಮರಣದ ಕಾಗದದೊಳಗೆ ಹೋಗಿ ಅತ್ತೆಯನ್ನು ಕರೆತರಬೇಕಲ್ಲ ಎಂದು ಆಕೆಗೆ ಸಂಕಟವಾಯಿತು.

"ದೊಡ್ಡತ್ತಿ," ಎಂದಳು ಮೂಗು ಒರೆಸಿಕೊಂಡು, "ಅತ್ತಿ ಸಾಮಾನು ಒಂದು ತಿರುಗಿ ಮನಿ ಮಂದಿಯೊಳಗ ತಂದ್ರ ನಡೀತದೇನ್ರಿ?"

ಮಲ್ಲಿಕಮ್ಮ ಸೀರೆಯ ಮಡಿಕೆ ಬಿಡಿಸುತ್ತಿದ್ದರು. "ವರ್ಷ ಆತಲ್ಲವ್ವ. ಈಗ ತರಬಹುದು."

ಸುಮಲತಾ ಫೋಲ್ಡರನ್ನು ಹಿಡಿದು ಎಳೆದು ತಂದು ಕೂಸಿನ ಪಕ್ಕದಲ್ಲಿ ಬಿಟ್ಟಳು. ನೀಲಿ ಗೆರೆ ಒತ್ತಿದಳು. ತೆರೆಯಿತು.

ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬಿಯ ಮೇಲೆ ನಿಲ್ಲಿಸಿ, ತಪ್ಪಿಹೋದೀತೆಂಬ ಅಂಜಿಕೆಗೆ ಒಂದೊಂದೇ ಸಾಲು ಜೋರಾಗಿ ಓದುತ್ತ ಅಡುಗೆ ಶುರುಮಾಡಿದಳು.

"ಬರಕೊಳ್ಳಾಕತ್ತಿಯೇನು? ಬರಕೋ. ಮೊದಲು ಹುಣಸಿಹಣ್ಣು ನೆನಿಹಾಕು. ನನ್ನ ಮುಟಗಿಯಷ್ಟು. ನಿಂದಲ್ಲ, ನಿಂದು ಸಣ್ಣದು. ಕೂಸು ಅಳಾಕತ್ತದ, ಅಳಲಿ ಬಿಡು. ಅತ್ರ ಏನೂ ಆಗಾಂಗಿಲ್ಲ, ನೀ ಅಂಜಬ್ಯಾಡ."

ಕೂಸು ಆಗಲೂ ಅಳುತ್ತಿತ್ತು, ಈಗಲೂ ಅಳುತ್ತಿತ್ತು. ಅಷ್ಟರಲ್ಲಿ ಹೊರಗಿನ ಕಟ್ಟೆಯಿಂದ, ವರ್ಷದಿಂದ ಕೇಳದಿದ್ದ ಒಂದು ದನಿ ಬಂತು.

"ಅಷ್ಟು ಹುಳಿ ಹಾಕಬ್ಯಾಡ ಅಂತ ಎಷ್ಟು ಸಲ ಹೇಳಬೇಕು ನಿನಗ?"

ಮಾವ ತನಗೆ ಹೇಳುತ್ತಿಲ್ಲ ಎಂಬುದು ಸುಮಲತಾಗೆ ಗೊತ್ತಾಯಿತು. ಏನು ಹೇಳಬೇಕೋ ತಿಳಿಯದೆ ಮುಂದಿನ ಸಾಲು ಓದಿದಳು.

"ನಿಮ್ಮ ಮಾವ ಹುಳಿ ಕಮ್ಮಿ ಹಾಕು ಅಂತ ಹೊರಗ ಕುಂತು ಒದರ್ತಾರ. ಕೇಳಬ್ಯಾಡ. ಅವರಿಗಿ ಏನ್ ತಿಳೀತದ."

ಹೊರಗಿನಿಂದ ಮೂಗು ಸೀಟಿದ ಸದ್ದು ಕೇಳಿತು.

ಎಡೆ ಆಯಿತು, ಎಲೆ ಬಿತ್ತು. ಸುಮಲತಾ ಬಡಿಸಿ, ಗೋಡೆಗೊರಗಿ, ಮಾವನ ಬಾಯನ್ನೇ ನೋಡುತ್ತ ನಿಂತಳು. ಮೊದಲ ತುತ್ತಿಗೆ ಅವರ ಎರಡೂ ಕಣ್ಣು ಮುಚ್ಚಿಕೊಂಡವು. ನೆನಪಾಗಿರಬೇಕು ಎಂದುಕೊಂಡಳು.

"ಮಾವಾರ, ಅತ್ತಿ ಮಾಡಿದಂಗ ಆಗ್ಯಾದೇನ್ರಿ?"

"ಹಂಗೇ ಆಗ್ಯಾದವ್ವ. ತಟಕೂ ಫರಕಿಲ್ಲ," ಎಂದು ಭಾಗಣ್ಣ ಸಾರಿನ ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿದರು. "ಈ ಸಾರು ನನಗ ಎಂದೂ ಸೇರಿಲ್ಲ. ಲಗ್ನ ಆದಾಗಿಂದ ಬಡಕೋತ ಬಂದೇನಿ, ಕೇಳಿದ್ಳೇನು ಆಕಿ? ನಾಳಿಂದ ನೀ ನಿನ್ನ ಬ್ಯಾಳಿ ಸಾರೇ ಮಾಡವ್ವ."

ಸುಮಲತಾ ಗಂಡನ ಕಡೆ ನೋಡಿದಳು. ಅವನು ಬಟ್ಟಲನ್ನು ಆಗಲೇ ಎಲೆಯ ಅಂಚಿನ ಹಿಂದೆ ಅಡಗಿಸಿದ್ದ. ದೊಡ್ಡ ಪಾತ್ರೆಯ ತುಂಬ ಸಾರು ಒಲೆಯ ಮೇಲೆ ಹಾಗೆಯೇ ಕೂತಿತ್ತು.

"ಎಡಿ ಇಟ್ಟದ್ದು ಆಕಿಗಿ," ಎಂದರು ಮಲ್ಲಿಕಮ್ಮ, ಹುಳಿಗೆ ಒಂದು ಕಣ್ಣು ಕಿವುಚಿಕೊಂಡು. "ಆಕಿಗಿ ಸೇರಿದ್ರ ಆತು."

ಭಾಗಣ್ಣ ಎದ್ದು ಕೈ ತೊಳೆಯುತ್ತಾರೆಂದು ಎಲ್ಲರೂ ಕಾದರು. ಅವರು ಏಳಲಿಲ್ಲ. ಬುಟ್ಟಿಗೆ ಕೈಹಾಕಿ ಇನ್ನೊಂದು ರೊಟ್ಟಿ ತೆಗೆದುಕೊಂಡರು.

"ಆ ನಿನ್ನ ಕಂಪ್ಯೂಟರ್ ಡಬ್ಬಿ ಇಲ್ಲಿ ತಗೊಂಡ್ಬಾ, ಯವ್ವಾ. ಪುಂಡಿ ಪಲ್ಯಕ್ಕ ಏನೇನ್ ಹೇಳ್ಯಾಳ ಓದು."

ಸುಮಲತಾ ಲ್ಯಾಪ್‌ಟಾಪು ತಂದು ಎದುರಿಗೆ ಕೂತು ನೀಲಿ ಗೆರೆ ಒತ್ತಿದಳು. ಮೊದಲ ಸಾಲು ಮುಗಿಯುವ ಮುನ್ನವೇ ಮಾವ ತಲೆ ಅಲ್ಲಾಡಿಸಿದರು.

"ಸುಳ್ಳು," ಎಂದು ರೊಟ್ಟಿ ಮುರಿದರು. "ಮುಂದ ಓದು."