ಗುಜರಿಗೆ ಹೊರಟ ಕಾರು

ಕೆಮ್ಮಣ್ಣು ಎಂಬ ಊರಿನ ರೊಸಾರಿಯೊ ಅವರ ಕಾರು ಸಂಪೂರ್ಣ ನಷ್ಟವಾಗಿದೆ ಎಂದು ಕರಾವಳಿ ಸುಭದ್ರ ವಿಮಾ ಕಂಪೆನಿಯ ಉಡುಪಿ ಶಾಖೆ ಘೋಷಿಸಿತು. ಘೋಷಣೆಯ ಪ್ರತಿಯನ್ನು ತೆಗೆದುಕೊಂಡು ಹೋಗಲು ರೊಸಾರಿಯೊ ಅದೇ ಕಾರಿನಲ್ಲಿ ಬಂದರು.

ಇದರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಕಚೇರಿಯ ಕಾವಲುಗಾರ ಕಾರು ನಿಲ್ಲಿಸಲು ಜಾಗ ತೋರಿಸಿದ.

ಅವಘಡ ನಡೆದದ್ದೂ ಅಲ್ಲಿಯೇ. ಶಾಖೆಯ ಅಂಗಳದಲ್ಲಿ ಒಂದು ತೆಂಗಿನ ಮರ ಉಂಟು. ರೊಸಾರಿಯೊ ಒಳಗೆ ಪಾಲಿಸಿ ನವೀಕರಿಸುತ್ತಿದ್ದಾಗ ಹೊರಗೆ ಒಂದು ಕಾಯಿ ಕಾರಿನ ಮೇಲೆ ಬಿತ್ತು. ಟಾಪು ತಗ್ಗಾಯಿತು, ಎದುರಿನ ಗಾಜು ಒಡೆಯಿತು. ಮರದಲ್ಲಿ ಇರುವಷ್ಟು ಕಾಲ ಕಾಯಿ ಕಂಪೆನಿಯದು, ಬೀಳಲು ಹೊರಟ ಮೇಲೆ ಅದು ದೇವರದು ಎಂದು ಶಾಖಾಧಿಕಾರಿ ಗುರುಪ್ರಸಾದ್ ವಿವರಿಸಿದರು. ನೆಲ ಮುಟ್ಟಿದ ಮೇಲೆ ಮತ್ತೆ ಕಂಪೆನಿಯದು. ಕಾವಲುಗಾರ ಅದನ್ನು ಒಳಗೆ ತೆಗೆದುಕೊಂಡು ಹೋದ.

ರೊಸಾರಿಯೊ ಕಾರನ್ನು ಕಾರ್ಕಳದ ಪರಿಚಯದ ಗ್ಯಾರೇಜಿಗೆ ಒಯ್ದರು. ಅಲ್ಲಿ ಟಾಪನ್ನು ಒಳಗಿನಿಂದ ತಟ್ಟಿ ಎತ್ತಿದರು. ಬೇರೆ ಗಾಜು ಕೂರಿಸಿದರು. ಸಂಜೆಗೆ ಕಾರು ಮನೆಗೆ ಬಂತು.

ಇದನ್ನು ಕಂಪೆನಿ ದುರಸ್ತಿ ಎಂದು ಒಪ್ಪುವುದಿಲ್ಲ. ಕಂಪೆನಿ ಒಪ್ಪುವ ಗ್ಯಾರೇಜಿನಲ್ಲಿ ಟಾಪನ್ನು ತಟ್ಟುವುದಿಲ್ಲ, ಬದಲಾಯಿಸುತ್ತಾರೆ. ಟಾಪು ಬದಲಾಯಿಸಿದರೆ ಬಾಗಿಲು ಕೂಡುವುದಿಲ್ಲ, ಅದನ್ನೂ ಬದಲಾಯಿಸಬೇಕು. ಬಾಗಿಲು ಬದಲಾಯಿಸಿದರೆ ಬಣ್ಣ ಕೂಡುವುದಿಲ್ಲ, ಇಡೀ ಕಾರಿಗೆ ಬಣ್ಣ ಹೊಡೆಯಬೇಕು. ಲೆಕ್ಕ ಬಾಗಿಲಿಗೆ ಬರುವಾಗಲೇ ಕಾರಿನ ಬೆಲೆ ಮುಗಿದಿತ್ತು. ಆದ್ದರಿಂದ ಕಾರು ಸಂಪೂರ್ಣ ನಷ್ಟ.

"ನನಗೆ ನಿಮ್ಮ ಹಣ ಬೇಡ. ಕಾರು ಇರಲಿ," ಎಂದರು ರೊಸಾರಿಯೊ.

"ಬೇಡ ಎಂದು ಬರೆಯಲು ಕಾಲಂ ಇಲ್ಲ ಪೊರ್ಬುಗಳೇ," ಎಂದರು ಗುರುಪ್ರಸಾದ್. ಕ್ರೈಸ್ತ ಗಂಡಸರು ಇಲ್ಲಿ ಎಲ್ಲರಿಗೂ ಪೊರ್ಬುಗಳು, ಹೆಂಗಸರು ಬಾಯಮ್ಮ.

"ಹಾಗಾದರೆ ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ."

"ನೀವು ಅರ್ಜಿ ಕೊಟ್ಟೇ ಇಲ್ಲವಲ್ಲ. ಕಾಯಿ ಬಿದ್ದದ್ದನ್ನು ನಾನೇ ಕಿಟಕಿಯಿಂದ ನೋಡಿ ಬರೆದುಕೊಂಡೆ. ನಮ್ಮಲ್ಲಿ ಸೇವೆ ತ್ವರಿತ."

"ಕಾರು ಓಡ್ತಾ ಉಂಟು ಮಾರಾಯ್ರೆ. ಈಗ ಅದರಲ್ಲೇ ಬಂದದ್ದು."

ಗುರುಪ್ರಸಾದ್ ಎದ್ದು ಕಿಟಕಿಯಿಂದ ನೋಡಿದರು. ಮತ್ತೆ ಬಂದು ಕುಳಿತರು.

"ಓಡಬಹುದು. ಆದರೆ ಅದು ಇಲ್ಲ," ಎಂದರು.

ರೊಸಾರಿಯೊ ಕಾರಿಗೆ ಅಂಟಿಕೊಂಡದ್ದು ಪ್ರೀತಿಯಿಂದಲ್ಲ. ಅವರ ಹೆಂಡತಿ ಬರ್ತಾ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಮಂಡಿ ಮುರಿದುಕೊಂಡಿದ್ದರು. ಆಪರೇಷನ್ ಆಗಿತ್ತು, ಕಾಲು ಮಾತ್ರ ಕೋಲಿನ ಹಾಗೆ ನೆಟ್ಟಗೆ ನಿಂತಿತ್ತು. ಪ್ರತಿ ಗುರುವಾರ ಮಣಿಪಾಲದ ಒಂದು ಕ್ಲಿನಿಕ್ಕಿಗೆ ಹೋಗಿ ಮಂಡಿ ಮಡಚುವ ವ್ಯಾಯಾಮ ಮಾಡಬೇಕು. ತಪ್ಪಿಸಿದರೆ ಮಂಡಿ ಶಾಶ್ವತವಾಗಿ ಹಾಗೆಯೇ ಉಳಿಯುತ್ತದೆ ಎಂದು ಫಿಸಿಯೊಥೆರಪಿಸ್ಟ್ ಸಮೀಕ್ಷಾ ಎಚ್ಚರಿಸಿದ್ದರು. ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ಆಟೋದಲ್ಲಿ ಕಾಲು ಹೊರಗೆ ಉಳಿಯುತ್ತದೆ. ಒಮ್ಮೆ ಸಂತೆಕಟ್ಟೆಯಲ್ಲಿ ಆಟೋ ತಿರುಗುವಾಗ ಆ ಕಾಲು ಒಬ್ಬ ಸ್ಕೂಟರಿನವನ ಸೊಂಟಕ್ಕೆ ತಾಗಿತು. ಅವನು ತಿರುಗಿ, "ಎಂತ ಬಾಯಮ್ಮ?" ಎಂದು ಕೇಳಿದ. ಆ ಮೇಲೆ ರೊಸಾರಿಯೊ ಕಾರಿನ ಹಿಂದಿನ ಸೀಟು ಕೀಳಿಸಿ, ಮುಂದಿನ ಎಡಗಡೆಯ ಸೀಟನ್ನು ಆ ಜಾಗಕ್ಕೆ ಸರಿಸಿ ಕೂರಿಸಿದರು. ಬರ್ತಾ ಅವರ ಕಾಲು ಹಿಡಿಸುವ ವಾಹನ ಜಿಲ್ಲೆಯಲ್ಲಿ ಅದೊಂದೇ.

ಇದನ್ನೆಲ್ಲ ಅವರು ಗುರುಪ್ರಸಾದರಿಗೆ ಹೇಳಿದರು.

"ಇದು ನನ್ನ ವಿಭಾಗ ಅಲ್ಲ. ಅವಶೇಷ ವಿಭಾಗದಲ್ಲಿ ವಿಚಾರಿಸಿ."

"ಅದೆಲ್ಲಿ?"

ಗುರುಪ್ರಸಾದ್ ಪಕ್ಕದ ಕುರ್ಚಿ ತೋರಿಸಿದರು. ಅದು ಖಾಲಿ ಇತ್ತು. ರೊಸಾರಿಯೊ ಅದರ ಎದುರು ಹೋಗಿ ನಿಂತರು. ಗುರುಪ್ರಸಾದ್ ಎದ್ದು ಬಂದು ಆ ಕುರ್ಚಿಯಲ್ಲಿ ಕುಳಿತು ಕನ್ನಡಕ ಒರೆಸಿಕೊಂಡರು.

"ನಮಸ್ಕಾರ. ಎಂತ ಆಗಬೇಕಿತ್ತು?"

ರೊಸಾರಿಯೊ ಮೊದಲಿನಿಂದ ಹೇಳಿದರು. ಗುರುಪ್ರಸಾದ್ ಮರುಕದಿಂದ ಕೇಳಿದರು.

"ಆ ವಿಭಾಗದವರು ಹಾಗೆಯೇ ಪೊರ್ಬುಗಳೇ. ಸ್ವಲ್ಪವೂ ಕನಿಕರ ಇಲ್ಲ. ನೋಡಿ, ನಿಯಮದ ಪ್ರಕಾರ ಅವಶೇಷವನ್ನು ಒಡೆಯರು ಇಟ್ಟುಕೊಳ್ಳಬಹುದು. ತೊಳೆಯಬಹುದು. ಒಳಗೆ ಕೂರಬಹುದು. ಓಡಿಸಬಾರದು."

"ಕೂತು ಎಂತ ಮಾಡುವುದು?"

"ಹಾರ್ನ್ ಹಾಕಬಹುದು. ಅಡ್ಡಿಯಿಲ್ಲ."

"ಒಮ್ಮೆಯೂ ಓಡಿಸುವ ಹಾಗಿಲ್ಲವಾ?"

"ಒಮ್ಮೆ ಓಡಿಸಬಹುದು. ಮನೆಯಿಂದ ಗುಜರಿಗೆ. ಅದಕ್ಕೆ ಅಂತಿಮ ಸಾಗಣೆ ಪತ್ರ ಅಂತ ಕೊಡುತ್ತೇವೆ. ನಮ್ಮ ಗುಜರಿ ಕಾರ್ಕಳದಲ್ಲಿ."

ರೊಸಾರಿಯೊ ಗೋಡೆಯ ಕ್ಯಾಲೆಂಡರ್ ನೋಡಿದರು.

"ಕಾರ್ಕಳಕ್ಕೆ ಮಣಿಪಾಲದ ಮೇಲೆ ಹೋಗಬಹುದಲ್ಲ?"

"ಅದೇ ದಾರಿ."

"ನಡುವೆ ನಿಲ್ಲಿಸಬಹುದಾ?"

"ಸರಿಯಾದ ಕಾರಣ ಇದ್ದರೆ ನಿಲ್ಲಿಸಬಹುದು. ಆದರೆ ಗುಜರಿಯವರು ಊಟದ ನಂತರ ಗಾಡಿ ತೆಗೆದುಕೊಳ್ಳುವುದಿಲ್ಲ."

"ತಡವಾದರೆ?"

"ಹೊರಟಲ್ಲಿಗೆ ವಾಪಸು. ಆಮೇಲೆ ಹೊಸ ಪತ್ರ."

"ಗುರುವಾರಕ್ಕೆ ಕೊಡಿ," ಎಂದರು ರೊಸಾರಿಯೊ.

ಪತ್ರದ ಹಿಂದೆ ಒಂದು ಷರತ್ತು ಅಚ್ಚಾಗಿತ್ತು. 'ಅಂತಿಮ ಸಾಗಣೆಯಲ್ಲಿರುವ ವಾಹನವು ತನ್ನ ಸ್ಥಿತಿಯನ್ನು ಸಾರ್ವಜನಿಕರಿಗೆ ದೊಡ್ಡ ಅಕ್ಷರಗಳಲ್ಲಿ, ಗೌರವಯುತವಾಗಿ ತಿಳಿಸತಕ್ಕದ್ದು.'

ಬರ್ತಾ ಅವರ ತಂಗಿಯ ಮಗ ಬ್ರ್ಯಾಂಡನ್‌ಗೆ ಉಡುಪಿಯಲ್ಲಿ ಫ್ಲೆಕ್ಸ್ ಅಂಗಡಿ ಉಂಟು. ಅಂಗಡಿಯ ಕಂಪ್ಯೂಟರಿನಲ್ಲಿ ಮದುವೆ, ಗೃಹಪ್ರವೇಶ, ಕ್ರಿಕೆಟ್ ಪಂದ್ಯ, ನಾಯಕರ ಹುಟ್ಟುಹಬ್ಬ, ಶ್ರದ್ಧಾಂಜಲಿ ಎಲ್ಲವೂ ತಯಾರಿರುತ್ತವೆ. ಫೋಟೋ, ಹೆಸರು ಬದಲಾಯಿಸಿದರೆ ಸಾಕು. ಊರಿನ ಸುಖದುಃಖಗಳೆಲ್ಲ ಅಲ್ಲಿಂದಲೇ ಹೊರಡುವುದು. ರೊಸಾರಿಯೊ ಕಾರನ್ನು ಅಂಗಡಿಯೆದುರು ನಿಲ್ಲಿಸಿ ವಿಷಯ ಹೇಳಿದರು.

"ಅಂತಿಮ ಅಂದಿರಲ್ಲ ಅಂಕಲ್? ಆ ಫೈಲ್ ರೆಡಿ ಉಂಟು," ಎಂದ ಬ್ರ್ಯಾಂಡನ್. "ಆದರೆ ಕಾರಿನ ಫೋಟೋ ವೃತ್ತದೊಳಗೆ ಸರಿಯಾಗಿ ಕೂರುವುದಿಲ್ಲ. ಬರ್ತಾ ಮಾವ್ಶಿಯದ್ದು ಒಂದು ಒಳ್ಳೆಯ ಫೋಟೋ ನನ್ನಲ್ಲಿ ಉಂಟು. ಹಾಕ್ಲಾ?"

"ಅದನ್ನು ತೆಗೆದಿಡು ಪುತಾ," ಎಂದರು ಬರ್ತಾ ಕಾರಿನೊಳಗಿಂದ. "ಆಮೇಲೆ ಬೇಕಾಗುತ್ತದೆ."

ಫ್ಲೆಕ್ಸ್ ಚೆನ್ನಾಗಿ ಬಂತು. ವೃತ್ತದೊಳಗೆ ಕಾರು, ಎರಡು ಬದಿಗೆ ಎರಡು ದೀಪ, ಮೇಲೆ 'ಅಂತಿಮ ಯಾತ್ರೆ', ಕೆಳಗೆ 'ದುಃಖತಪ್ತ ಬಂಧುಮಿತ್ರರು'. ಕೆಳಗಿನ ಸಾಲು ಫೈಲಿನಲ್ಲಿ ಮೊದಲೇ ಇತ್ತು. ಅಳಿಸಲು ಬ್ರ್ಯಾಂಡನ್‌ಗೆ ಪುರುಸೊತ್ತು ಇರಲಿಲ್ಲ. ಒಂದನ್ನು ಮುಂದೆ, ಒಂದನ್ನು ಹಿಂದೆ ಕಟ್ಟಿದರು. ಬಾನೆಟ್ಟಿನ ಮೇಲೆ ಪ್ಲಾಸ್ಟಿಕ್ಕಿನ ಬಿಳಿ ಹಾರ. ಅದು ಅಂಗಡಿಯ ವತಿಯಿಂದ ಉಚಿತ.

ಗುರುವಾರ ಬೆಳಿಗ್ಗೆ ಕಾರು ಕೆಮ್ಮಣ್ಣಿನಿಂದ ಗುಜರಿಗೆ ಹೊರಟಿತು.

ಹೆದ್ದಾರಿಯಲ್ಲಿ ಒಂದು ಎಕ್ಸ್‌ಪ್ರೆಸ್ ಬಸ್ಸು ಹಿಂದಿನಿಂದ ಬಂತು. ಆ ಬಸ್ಸುಗಳು ಯಾರಿಗೂ ದಾರಿ ಬಿಡುವುದಿಲ್ಲ. ಬಿಟ್ಟ ದಾಖಲೆ ಇಲ್ಲ. ಅದರ ಡ್ರೈವರ್ ಫ್ಲೆಕ್ಸ್ ಓದಿದ. ಹಾರ್ನ್ ನಿಲ್ಲಿಸಿ, ಬಸ್ಸನ್ನು ಬದಿಯ ಮಣ್ಣಿಗೆ ಇಳಿಸಿ, ಎದೆ ಮುಟ್ಟಿಕೊಂಡ. ಕಲ್ಸಂಕದಲ್ಲಿ ಪೊಲೀಸಿನವರು ನಾಲ್ಕೂ ಕಡೆಯ ವಾಹನಗಳನ್ನು ತಡೆದು ಟೋಪಿ ತೆಗೆದರು. ಕಡಿಯಾಳಿಯಲ್ಲಿ ಅಂಗಡಿಯವರು ಶಟರ್ ಅರ್ಧ ಇಳಿಸಿದರು. ಹಿರಿಯರೊಬ್ಬರು ಹತ್ತಿರ ಬಂದು ಕಿಟಕಿಯೊಳಗೆ ಬಗ್ಗಿದರು. ಒಳಗೆ ಬರ್ತಾ ಕಾಲು ಚಾಚಿ ಕುಳಿತಿದ್ದರು.

"ಧೈರ್ಯ ತಂದುಕೊಳ್ಳಿ ಬಾಯಮ್ಮ."

"ತಂದುಕೊಂಡಿದ್ದೇನೆ. ಗಾಜು ಏರಿಸಬೇಕು, ಕೈ ತೆಗೆಯಿರಿ," ಎಂದರು ಬರ್ತಾ.

ಮಣಿಪಾಲಕ್ಕೆ ಅವರು ಅಷ್ಟು ಬೇಗ ಎಂದೂ ತಲುಪಿರಲಿಲ್ಲ. ಕ್ಲಿನಿಕ್ಕಿನ ಬಾಗಿಲು ಇನ್ನೂ ತೆರೆದಿರಲಿಲ್ಲ. ವ್ಯಾಯಾಮ ಮುಗಿಯುವಾಗ ಗುಜರಿಯವರ ಊಟದ ಹೊತ್ತಾಗಿತ್ತು. ಕಾರು ಕೆಮ್ಮಣ್ಣಿಗೆ ವಾಪಸಾಯಿತು. ಗುರುಪ್ರಸಾದ್ ಕಡತದಲ್ಲಿ 'ಅವಶೇಷವು ಪ್ರಯತ್ನಿಸಿದೆ' ಎಂದು ಬರೆದು ಮುಂದಿನ ಗುರುವಾರಕ್ಕೆ ಹೊಸ ಪತ್ರ ಕೊಟ್ಟರು.

ಹೀಗೆ ಕೆಲವು ವಾರ ನಡೆಯಿತು. ಕಾರು ತಪ್ಪದೆ ಪ್ರಯತ್ನಿಸಿತು. ಬರ್ತಾ ಅವರ ಮಂಡಿ ಸ್ವಲ್ಪ ಸ್ವಲ್ಪವೇ ಸಡಿಲವಾಯಿತು.

ಆಮೇಲೆ ಆಂಬುಲೆನ್ಸಿನ ವಿಷಯ ಬಂತು. ಕಾಪುವಿನ ಕ್ಲಾಯ್ಡ್ ಎಂಬ ಡ್ರೈವರ್ ಎದೆನೋವಿನ ರೋಗಿಯೊಬ್ಬರನ್ನು ಮಣಿಪಾಲಕ್ಕೆ ಒಯ್ಯುತ್ತಿದ್ದ. ಕಲ್ಸಂಕದಲ್ಲಿ ಸಿಕ್ಕಿಬಿದ್ದ. ಸೈರನ್ ಕೂಗುತ್ತಿತ್ತು. ಮುಂದಿನವರು ಸರಿಯಲಿಲ್ಲ. ಹಿಂದಿನವರು ಮಾತ್ರ ಹತ್ತಿರ ಬಂದರು, ಆಂಬುಲೆನ್ಸಿನ ಬೆನ್ನು ಹಿಡಿದು ಬೇಗ ಹೋಗುವ ಆಸೆಯಿಂದ. ಅಷ್ಟರಲ್ಲಿ ರೊಸಾರಿಯೊ ಅವರ ಕಾರು ಬಂತು. ರಸ್ತೆ ಎರಡು ಪಾಲಾಯಿತು. ಕ್ಲಾಯ್ಡ್ ಸೈರನ್ ಆರಿಸಿ ಕಾರಿನ ಹಿಂದೆ ಹೋದ. ರೋಗಿ ಉಳಿದರು.

ಸಾಯುತ್ತಿರುವವರಿಗೆ ದಾರಿ ಬಿಡುವ ಅಭ್ಯಾಸ ನಮ್ಮ ಜನರಿಗಿಲ್ಲ. ಸತ್ತ ಮೇಲೆ ಬಿಡುತ್ತಾರೆ. ಇದನ್ನು ದೋಷ ಎನ್ನಬಾರದು, ಸಂಸ್ಕೃತಿ ಎನ್ನಬೇಕು.

ಮರುವಾರ ಕರಾವಳಿ ಬೈಪಾಸಿನಲ್ಲಿ ಮೂರು ಆಂಬುಲೆನ್ಸುಗಳು ಕಾರಿಗೆ ಕಾಯುತ್ತಿದ್ದವು. ಅದರ ಮರುವಾರ ಸಾಲು ಬೆಳೆಯಿತು. ಕಾಪುವಿನಲ್ಲಿ ಜನ ತುರ್ತಲ್ಲದ ಕಾಯಿಲೆಗಳನ್ನು ಗುರುವಾರಕ್ಕೆ ತಳ್ಳಿದರು. ನಂತರ ತುರ್ತಿನವನ್ನೂ ತಳ್ಳಿದರು. ಬ್ಯಾಂಕಿನಿಂದ ನಿವೃತ್ತರಾದ ಅಲೆಕ್ಸಾಂಡರ್ ಅವರ ಅಧ್ಯಕ್ಷತೆಯಲ್ಲಿ ಗುರುವಾರದ ರೋಗಿಗಳ ಹಿತರಕ್ಷಣಾ ಸಮಿತಿ ಸ್ಥಾಪನೆಯಾಯಿತು. ಆಟೋಕ್ಕೆ ಮೈಕ್ ಕಟ್ಟಿ ಪ್ರಚಾರ ನಡೆಯಿತು.

"ಸಾರ್ವಜನಿಕರಲ್ಲಿ ವಿನಂತಿ. ಎದೆನೋವು ಇರುವವರು ಗುರುವಾರ ಬೆಳಿಗ್ಗೆ ಕರಾವಳಿ ಬೈಪಾಸಿನಲ್ಲಿ ಸರದಿಯಲ್ಲಿ ನಿಲ್ಲತಕ್ಕದ್ದು. ಹೆರಿಗೆಗೆ ಆದ್ಯತೆ ಕೊಡಲಾಗುವುದು. ಬೇರೆ ದಿನ ಬರುವ ಎದೆನೋವಿಗೆ ಸಮಿತಿ ಜವಾಬ್ದಾರಿಯಲ್ಲ."

ಕಂಪೆನಿಯೂ ಸುಮ್ಮನೆ ಕೂರಲಿಲ್ಲ. 'ಸುಭದ್ರ ಹಿಂಬಾಲಕ' ಎಂಬ ಹೊಸ ಪಾಲಿಸಿ ಹೊರಡಿಸಿತು. ಅವಶೇಷದ ಹಿಂದೆ ಹೋಗುವ ರೋಗಿಗಳಿಗೆ ಮಾತ್ರ ಅದು ಅನ್ವಯ. ಅವಶೇಷವನ್ನು ಹಿಂದಿಕ್ಕಿದರೆ ರದ್ದು. ಗುರುಪ್ರಸಾದ್ ಅವರಿಗೆ ಮೂರನೆಯ ಕುರ್ಚಿ ಮಂಜೂರಾಯಿತು.

ಆ ಹೊತ್ತಿಗೆ ಬರ್ತಾ ಅವರ ಮಂಡಿ ಮಡಚಿತು.

"ಪೂರ್ತಿ ಬಂತು ಆಂಟಿ!" ಎಂದು ಸಮೀಕ್ಷಾ ಚಪ್ಪಾಳೆ ತಟ್ಟಿದರು. "ಇನ್ನು ಬಸ್ಸಿನಲ್ಲಿ ಓಡಾಡಬಹುದು. ಇಲ್ಲಿಗೆ ಬರುವುದೇ ಬೇಡ."

ಬರ್ತಾ ಮನೆಗೆ ಬಂದು ಮೂರು ಸಲ ಕುಳಿತು ಎದ್ದರು. ಆಮೇಲೆ ಅತ್ತರು. ರೊಸಾರಿಯೊ ಕಚೇರಿಗೆ ಫೋನ್ ಮಾಡಿ, ಇನ್ನು ಪತ್ರ ಬೇಡ, ಕಾರನ್ನು ನಿಜವಾಗಿಯೂ ಗುಜರಿಗೆ ಒಯ್ಯುತ್ತೇನೆ ಎಂದರು.

ಸಂಜೆಯೊಳಗೆ ಗುರುಪ್ರಸಾದ್ ಮತ್ತು ಅಲೆಕ್ಸಾಂಡರ್ ಬಾಳೆಹಣ್ಣಿನ ಗೊನೆಯೊಂದಿಗೆ ಕೆಮ್ಮಣ್ಣಿಗೆ ಬಂದರು.

"ಬಾಯಮ್ಮ, ಇದು ನಿಮ್ಮ ಒಂದು ಮಂಡಿಯ ಪ್ರಶ್ನೆಯಲ್ಲ," ಎಂದು ಅಲೆಕ್ಸಾಂಡರ್ ಆರಂಭಿಸಿದರು.

"ಮತ್ತೆ ಯಾರ ಮಂಡಿಯ ಪ್ರಶ್ನೆ?"

"ಊರಿನ ಹೃದಯದ ಪ್ರಶ್ನೆ. ಮಂಡಿ ಸರಿಯಾದರೆ ಕಾರಿಗೆ ಮಣಿಪಾಲದಲ್ಲಿ ನಿಲ್ಲಲು ಕಾರಣ ಇಲ್ಲ. ನಿಲ್ಲದಿದ್ದರೆ ಊಟದ ಮೊದಲು ಗುಜರಿ ತಲುಪುತ್ತದೆ. ಅಲ್ಲಿಗೆ ಎಲ್ಲ ಮುಗಿಯಿತು."

"ಬೇರೆ ಯಾವುದಾದರೂ ಕಾರಿಗೆ ಫ್ಲೆಕ್ಸ್ ಕಟ್ಟಿ," ಎಂದರು ರೊಸಾರಿಯೊ.

"ಅದು ಮೋಸವಾಗುತ್ತದೆ," ಎಂದರು ಗುರುಪ್ರಸಾದ್. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು.

"ಆಂಬುಲೆನ್ಸಿಗೆ ದಾರಿ ಬಿಡಿ ಅಂತ ಜನರಿಗೆ ಹೇಳಬಾರದಾ?" ಎಂದು ಬರ್ತಾ ಕೇಳಿದರು.

"ಹೇಳಿದ್ದೇವೆ ಬಾಯಮ್ಮ. ಸಭೆ ಮಾಡಿ ಹೇಳಿದ್ದೇವೆ. ಎಲ್ಲರೂ ಒಪ್ಪಿ ಕೈ ಎತ್ತಿದ್ದಾರೆ. ದಾರಿ ಬಿಡುವುದಿಲ್ಲ, ಅಷ್ಟೇ," ಎಂದರು ಅಲೆಕ್ಸಾಂಡರ್.

ಬರ್ತಾ ತಮ್ಮ ಮಂಡಿಯನ್ನು ನೋಡಿದರು. ರೊಸಾರಿಯೊ ಹೆಂಡತಿಯನ್ನು ನೋಡಿದರು. ಯಾರೂ ಬಾಳೆಹಣ್ಣು ಮುಟ್ಟಲಿಲ್ಲ.

"ಮಂಡಿ ಮಡಚದೆ ಇರಲು ನಾನು ಹೂಂ ಅನ್ನದಿದ್ದರೆ?" ಎಂದರು ಬರ್ತಾ.

"ಬಲವಂತ ಇಲ್ಲ," ಎಂದರು ಅಲೆಕ್ಸಾಂಡರ್. "ಬರುವ ಗುರುವಾರಕ್ಕೆ ಹದಿನಾರು ಮಂದಿ ಹೆಸರು ಕೊಟ್ಟಿದ್ದಾರೆ. ಯಾರು ಯಾರೆಂದು ನಿಮಗೆ ಓದಿ ಹೇಳುತ್ತೇನೆ, ಅಷ್ಟೇ."

"ಓದಬೇಡಿ," ಎಂದರು ಬರ್ತಾ.

ಗುರುಪ್ರಸಾದ್ ಅಲ್ಲಿಯೇ ಮಂಡಿಯ ಪರಿಶೀಲನೆ ನಡೆಸಿದರು. ಮಾದರಿ ಹಳೆಯದು, ಬಳಕೆ ಹೆಚ್ಚು, ದುರಸ್ತಿಯ ಖರ್ಚು ಈ ವಯಸ್ಸಿನ ಮಂಡಿಯ ಬೆಲೆಯನ್ನು ಮೀರಿದೆ ಎಂದು ಟಿಪ್ಪಣಿ ಮಾಡಿದರು. ಮಂಡಿ ಸಂಪೂರ್ಣ ನಷ್ಟವೆಂದು ಘೋಷಣೆಯಾಯಿತು. ಒಡತಿ ಇಟ್ಟುಕೊಳ್ಳಬಹುದು. ಎಣ್ಣೆ ಹಚ್ಚಬಹುದು. ಮಡಚಬಾರದು.

ಈಗ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದೆ. ಗುರುವಾರ ಕಾರು ಗುಜರಿಗೆ ಹೊರಡುತ್ತದೆ. ಬಸ್ಸುಗಳು ಮಣ್ಣಿಗೆ ಇಳಿಯುತ್ತವೆ. ರೋಗಿಗಳು ಹಿಂದೆ ಸಾಲಾಗಿ ಬರುತ್ತಾರೆ. ಮಣಿಪಾಲದಲ್ಲಿ ಸಮೀಕ್ಷಾ ಬರ್ತಾ ಅವರಿಗೆ ಮಂಡಿ ಮಡಚದೆ ಇರುವ ವ್ಯಾಯಾಮ ಕಲಿಸುತ್ತಿದ್ದಾರೆ. ಪ್ರಗತಿ ತೃಪ್ತಿಕರ.