ರಾಯರ ಪ್ರದಕ್ಷಿಣೆಯನ್ನು ‘ಅಲೆದಾಟ’ವೆಂದು ದಾಖಲಿಸಿದವರಿಗೆ

ಗ್ಯೋಟೋಕು (ಟೋಕಿಯೋ ಹತ್ತಿರ), ಜಪಾನ್, ನವೆಂಬರ್ ೨೦೨೦

ಆಸ್ಪತ್ರೆಯ ರೋಗದಾಖಲೆ ತಂತ್ರಾಂಶದವರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ಸೊಂಟ ಮುರಿದವರನ್ನೆಲ್ಲ ಅಕ್ಷರ, ಅಂಕಿಗಳಾಗಿ ಪರಿವರ್ತಿಸಿ ಲೋಕವನ್ನು ಉದ್ಧರಿಸುತ್ತಿರುವ ತಮಗೆ ಕಾತ್ಯಾಯಿನಿಯೆಂಬ ಸಾಮಾನ್ಯಳ ಅನಂತ ನಮಸ್ಕಾರಗಳು. ನನ್ನ ತಾಯಿ ವೇದವಲ್ಲಿ, ವಯಸ್ಸು ಎಪ್ಪತ್ತೊಂದು, ಮೂರು ತಿಂಗಳಿಗೆಂದು ಮೈಸೂರಿನಿಂದ ಬಂದು, ಕೊರೋನಾದಿಂದ ವಿಮಾನ ನಿಂತು, ನಮ್ಮ ಎರಡು ಕೋಣೆಯ ಮನೆಯಲ್ಲೇ ಉಳಿದವರು. ಕಳೆದ ವಾರ ಬಿದ್ದು ಬಲಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿದೆ. ಇನ್ನು ಅವರನ್ನು ನಡಿಗೆ ಕಲಿಸುವ ವಾರ್ಡಿಗೆ ಕಳಿಸಬೇಕೋ, ಗಾಲಿಕುರ್ಚಿ ಕೊಟ್ಟು ಕೈತೊಳೆದುಕೊಳ್ಳಬೇಕೋ ಎಂಬುದನ್ನು ವೈದ್ಯರ ಸಭೆ ಇಂದು ತೀರ್ಮಾನಿಸಲಿದೆ, ಅದೂ ತಾವು ದಯಪಾಲಿಸಿದ ಸಂಕೇತಗಳನ್ನು ನೋಡಿ.

ಸೇರಿಸಿದ ದಿನ ತಾವು ಕೇಳಿದಿರಿ, ವಾರಕ್ಕೆ ಎಷ್ಟು ಸಲ ಹೊರಗೆ ಹೋಗುತ್ತಿದ್ದರು ಎಂದು. ಸುಳ್ಳು ಹೇಳಲು ಬಾರದ ಪೆದ್ದಿ ನಾನು, ಸೊನ್ನೆ ಎಂದು ತುಂಬಿದೆ. ಮನೆಯಲ್ಲೇ ಇರಿ ಎಂದು ಇಡೀ ಜಗತ್ತು ಅಂಗಲಾಚುತ್ತಿದ್ದ ವರ್ಷದಲ್ಲಿ, ಎದುರಿನ ಕೊಂಬಿನಿ ಅಂಗಡಿಗೂ ಕಾಲಿಡದೆ ಹೇಳಿದ ಮಾತು ಕೇಳಿದ ಹಿರಿಯರಿಗೆ ತಮ್ಮಿಂದ ಸಿಕ್ಕ ಬಹುಮಾನ ‘ಮೂಳೆ ಮುರಿಯುವ ಮೊದಲೇ ನಡಿಗೆ ಇರಲಿಲ್ಲ’ ಎಂಬ ಸಂಕೇತ. ತಮ್ಮ ಸೂಕ್ಷ್ಮದೃಷ್ಟಿಯಿಂದ ನೋಡಿದರೆ ಈ ವರ್ಷ ಟೋಕಿಯೋದ ಅರ್ಧ ಜನ ಹಾಸಿಗೆ ಹಿಡಿದಿದ್ದಾರೆ.

ಬೀಳುವಾಗ ಏನು ಮಾಡುತ್ತಿದ್ದರು ಎಂದೂ ಕೇಳಿದಿರಿ. ಊಟದ ಮೇಜಿನ ಮೇಲೆ ರಾಯರ ಫೋಟೋ ಇಟ್ಟು ದಿನಾ ಬೆಳಗ್ಗೆ ನೂರೆಂಟು ಪ್ರದಕ್ಷಿಣೆ ಹಾಕುವುದು ಅಮ್ಮನ ಪದ್ಧತಿ. ಎಪ್ಪತ್ತೊಂಬತ್ತನೆಯದರಲ್ಲಿ ಕಾಲು ಜಮಖಾನಕ್ಕೆ ಸಿಕ್ಕಿತು. ತಮ್ಮ ಪಟ್ಟಿಯಲ್ಲಿ ಪ್ರದಕ್ಷಿಣೆ ಇಲ್ಲವಾದ್ದರಿಂದ ‘ಮೇಜಿನ ಸುತ್ತ ಪದೇ ಪದೇ ನಡೆಯುವುದು’ ಎಂದು ಬರೆದೆ. ತಾವು ಕ್ಷಣವೂ ತಡಮಾಡದೆ ‘ಗುರಿಯಿಲ್ಲದ ಅಲೆದಾಟ, ಮರೆವಿನ ರೋಗದ ಶಂಕೆ’ ಎಂದು ಷರಾ ಹಾಕಿದಿರಿ. ನಡೆಯಲಾರದವರು ನಿಲ್ಲದೆ ಅಲೆಯುತ್ತಾರೆ! ಎರಡನ್ನೂ ಒಂದೇ ಪುಟದಲ್ಲಿ ಇಟ್ಟುಕೊಂಡು ಕಿಂಚಿತ್ತೂ ನಾಚದ ತಮ್ಮ ಗಟ್ಟಿತನಕ್ಕೆ ಶರಣು. ಭೇಟಿಗೆ ನಮ್ಮನ್ನು ಬಿಡದ ಕಾರಣ ನರ್ಸ್ ಓಮೋರಿ ಸಾನ್ ಹಿಡಿದ ಫೋನಿನಲ್ಲೇ ಅಮ್ಮ ಅತ್ತರು: “ಅವ್ರಿಗೆ ಹೇಳೇ, ನಾನು ಸುಮ್ನೆ ಸುತ್ತಾ ಇರ್ಲಿಲ್ಲ, ಎಣಿಸ್ತಾ ಇದ್ದೆ ಅಂತ.”

ಆದಕಾರಣ ತಾವು ಒಮ್ಮೆ ನಮ್ಮ ಮನೆಗೆ ದಯಮಾಡಿಸಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಲೆಕ್ಕ ತಪ್ಪದೆ ನೂರೆಂಟು ಸುತ್ತು ಮುಗಿಸಬೇಕೆಂದು ಬೇಡುತ್ತೇನೆ. ಮುಗಿಸಿದರೆ ಆ ಗಾಲಿಕುರ್ಚಿಯಲ್ಲಿ ನಾನೇ ಕೂರುತ್ತೇನೆ. ಅಷ್ಟು ಸಾಧ್ಯವಾಗದಿದ್ದರೆ, ಮನುಷ್ಯರು ಏನಾದರೂ ಹೇಳಿಕೊಳ್ಳಲು ಒಂದು ಖಾಲಿ ಅಂಕಣವನ್ನಾದರೂ ಕರುಣಿಸಿ.

ತಮ್ಮ ವಿಶ್ವಾಸಿ, ಸದ್ಯಕ್ಕೆ,
ಕಾತ್ಯಾಯಿನಿ

ವಿ.ಸೂ.: ಪತ್ರ ಮುಗಿಸುವಷ್ಟರಲ್ಲಿ ಫೋನ್ ಬಂತು. ಬೆಳಗ್ಗೆ ಅಮ್ಮ ವಾಕರ್ ಹಿಡಿದು ಆರು ಹೆಜ್ಜೆ ನಡೆದರಂತೆ. ಮೊದಲೇ ನಡೆಯದವರಿಗೆ ಹೆಜ್ಜೆ ನಮೂದಿಸುವ ಅಂಕಣ ತಮ್ಮಲ್ಲಿ ತೆರೆಯುವುದೇ ಇಲ್ಲವಾದ್ದರಿಂದ, ಓಮೋರಿ ಸಾನ್ ಅದನ್ನು ಬಿಳಿ ಕಾಗದದ ಮೇಲೆ ಪೆನ್ನಿನಲ್ಲಿ ಬರೆದು, ತನ್ನ ಹೆಸರಿನ ಮುದ್ರೆ ಒತ್ತಿ ಸಭೆಗೆ ಒಯ್ದರು. ಸೋಮವಾರದಿಂದ ಅಮ್ಮನಿಗೆ ನಡಿಗೆಯ ವಾರ್ಡಿನಲ್ಲಿ ಜಾಗ ಸಿಕ್ಕಿದೆ. ತಮ್ಮ ಅಭಿಪ್ರಾಯವನ್ನು ಸಭೆಯಲ್ಲಿ ಯಾರೂ ಕೇಳಲಿಲ್ಲವಂತೆ, ಬೇಸರಿಸಬೇಡಿ.